ಅರ್ಥಿಂಗ್ ಗುಂಡಿಗೆ ನೀರೆರೆಯುವವನು

ಕುಕನೂರಿನಲ್ಲಿ ಬೆಳಗ್ಗೆ ಎದ್ದವರು ತುಳಸಿಗೆ ನೀರು ಹಾಕುತ್ತಾರೆ, ಎಮ್ಮೆಗೆ ನೀರು ಇಡುತ್ತಾರೆ, ಅಂಗಳಕ್ಕೆ ನೀರು ಚಿಮುಕಿಸುತ್ತಾರೆ. ಯಮನೂರ ಮಾತ್ರ ಗುಂಡಿಗೆ ನೀರು ಹಾಕುತ್ತಿದ್ದ. ಅದೂ ಬರೀ ನೀರಲ್ಲ, ಉಪ್ಪು ಕದಡಿದ ನೀರು. ಮೆಹಬೂಬಬೀಯ ಹಿಟ್ಟಿನ ಗಿರಣಿಯ ಹಿಂದೆ ಗೋಡೆಗೆ ಹತ್ತಿಸಿ ತೋಡಿದ ಆ ಗುಂಡಿಯಲ್ಲಿ ಇದ್ದಿಲು, ಉಪ್ಪು, ನಡುವೆ ಒಂದು ತಾಮ್ರದ ಪಟ್ಟಿ. ಅಲ್ಲಿಂದ ಹೊರಟ ತಂತಿ ಗೋಡೆ ಏರಿ ಮಾಳಿಗೆಯ ಮೇಲಿನ ಅವನ ಸ್ಟುಡಿಯೋ ಸೇರುತ್ತಿತ್ತು. ಒಣ ಸೀಮೆಯಲ್ಲಿ ನೆಲ ಆರಿದರೆ ಅರ್ಥಿಂಗ್ ಕೆಡುತ್ತದೆ, ಅರ್ಥಿಂಗ್ ಕೆಟ್ಟರೆ ರೆಕಾರ್ಡಿಂಗಿನೊಳಗೆ ಕರೆಂಟು ಹಾಡಲು ಶುರುಮಾಡುತ್ತದೆ. ಇದು ಈ ಕಡೆಯ ಸೌಂಡಿನವರಿಗೆಲ್ಲ ಗೊತ್ತು.

ಯಮನೂರನ ಸ್ಟುಡಿಯೋದಲ್ಲಿ ಕರೆಂಟು ವರ್ಷಗಟ್ಟಲೆ ಹಾಡಿತು. ನೂಲಿನಷ್ಟು ಸಣ್ಣಗೆ ಒಂದು ‘ಕುಂಯ್’. ಅವನು ಲೈನ್‌ಮನ್ ಜೊತೆ ಜಗಳಾಡಿದ, ಇನ್ವರ್ಟರ್ ಬದಲಿಸಿದ, ಗಿರಣಿಯ ಮೋಟಾರನ್ನು ಬೈದ, ವಾಯರೆಲ್ಲ ಕಿತ್ತು ಹೊಸದು ಎಳೆದ. ಸದ್ದು ಹೋಗಲಿಲ್ಲ. ಗುಂಡಿಗೆ ಇನ್ನೊಂದು ಕೊಡ ನೀರು, ಇನ್ನೊಂದು ಬೊಗಸೆ ಉಪ್ಪು ಹೆಚ್ಚಾಯಿತು. ಪಕ್ಕದಲ್ಲಿದ್ದ ಮೆಹಬೂಬಬೀಯ ನುಗ್ಗೆ ಗಿಡ ಆ ಉಪ್ಪು ಕುಡಿದು ನಿಂತಲ್ಲೇ ಒಣಗಿತು.

“ವರ್ಷಾ ಕಾಯಿ ಬಿಡೋ ಗಿಡ ಕೊಂದೆಲ್ಲೋ ಮಾರಾಯಾ” ಎಂದು ಮೆಹಬೂಬಬೀ ಕಂಡಾಗಲೆಲ್ಲ ಅಂದಳು.

ಯಮನೂರನ ಹೆಂಡತಿ ರೇಣುಕಮ್ಮನಿಗೆ ಬೇರೆಯದೇ ಸಿಟ್ಟು. “ಗುಂಡಿಗೆ ಕೊಡಗಟ್ಟಲೆ ಸುರೀತಾನ. ಒಂದಿನ ನನಗ ಹಿಂಗ ನೀರು ತಂದು ಕೊಟ್ಟಾನೇನು ಕೇಳ್ರಿ ಅವನ್ನ.”

ಯಮನೂರ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಅರ್ಧ ಮಾತು ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಕೇಳಿಸುವುದಿಲ್ಲ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಜನ ಇತ್ತೀಚೆಗೆ ಗೊಣಗುವುದು ಕಲಿತಿದ್ದಾರೆ ಅಂದುಕೊಂಡಿದ್ದ.

ಅವನು ಹುಟ್ಟಿದ್ದು ಮಂಗಳೂರಿನಲ್ಲಿ. ಕಡಲಿನ ಮಂಗಳೂರಲ್ಲ, ಯಲಬುರ್ಗಾ ಕಡೆಯದು; ಇಲ್ಲಿ ನೀರೆಂದರೆ ಕೆರೆ, ಅದೂ ಮಳೆಯಾದರೆ. ಅಪ್ಪ ಆಡು ಕಾಯುತ್ತಿದ್ದ. ಮಗ ಆಡು ಬಿಟ್ಟು ಲೌಡ್‌ಸ್ಪೀಕರ್ ಬಾಡಿಗೆಯವರ ಹಿಂದೆ ಹೋದ. ಮೊದಲು ಮರಕ್ಕೆ ಹಾರ್ನ್ ಕಟ್ಟಿದ, ಆಮೇಲೆ ಆಳೆತ್ತರದ ಡಿಜೆ ಬಾಕ್ಸುಗಳ ನಡುವೆ ನಿಂತು ಮದುವೆ ಮೆರವಣಿಗೆಗಳಲ್ಲಿ ಪ್ರಾಯ ಕಳೆದ. ಎದೆಯ ಗೂಡು ಅದುರುವ ಸದ್ದಿನ ಮಗ್ಗುಲಲ್ಲಿ ಒರಗಿ ನಿದ್ದೆ ಮಾಡಿದ್ದೂ ಉಂಟು. ಅದನ್ನು ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಕೊನೆಗೆ ಒಂದು ಕಂಪ್ಯೂಟರು, ಎರಡು ಮೈಕು, ಗೋಡೆಗೆ ಹಳೆಯ ಕೌದಿಗಳನ್ನು ಬಡಿದು ಈ ಸ್ಟುಡಿಯೋ ಮಾಡಿದ. ಸುತ್ತಲಿನ ಭಜನೆಯವರು, ಮೊಹರಂ ಪದದವರು, ಜಾನಪದ ಹಾಡುವ ಹುಡುಗರು ಎಲ್ಲ ಅಲ್ಲಿಗೇ ಬಂದರು. ದನಿ, ಹಾರ್ಮೋನಿಯಂ ಪೇಟಿ, ತಬಲಾ, ತಾಳ ಎಲ್ಲ ಬೇರೆಬೇರೆ ಹಿಡಿದು ಹದವಾಗಿ ಕಲಸುವ ಕೈ ಯಮನೂರನದು ಎಂದು ಕುಷ್ಟಗಿಯ ತನಕ ಹೆಸರಾಯಿತು.

ಹಾಡು ಮುಗಿದ ಕೂಡಲೇ ಹಾಡಿದವರೆಲ್ಲ ಗಾಜಿನಾಚೆ ಕುಳಿತ ಅವನ ಮುಖ ನೋಡುತ್ತಿದ್ದರು. “ಹೆಂಗೈತ್ರಿ?” ಅವನು ಹೆಬ್ಬೆರಳೆತ್ತಿ “ಛಲೋ ಐತಿ” ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. “ಇನ್ನೊಮ್ಮಿ” ಅಂದರೆ ಎಂಥ ಮೀಸೆಯ ಹಾಡುಗಾರನೂ ಮರುಮಾತಿಲ್ಲದೆ ಮತ್ತೆ ಹಾಡಬೇಕು. ಯಮನೂರನಿಗೆ ಗಳಿಕೆಗಿಂತ ಆ ಹೆಬ್ಬೆರಳಿನ ಮೇಲೆ ಹೆಚ್ಚು ಪ್ರೀತಿ ಇತ್ತು.

ಮೂರು ವರ್ಷದ ಹಿಂದೆ ಅವನ ಊರಿನ ಹೆಂಗಸರ ಭಜನಾ ಮೇಳ ಸ್ಟುಡಿಯೋಕ್ಕೆ ಬಂತು. ಮುಂದಾಳು ಹುಲಿಗವ್ವ. ಹಗಲು ಕಂಡವರ ಹೊಲದಲ್ಲಿ ಕಳೆ ಕೀಳುವ ಕೂಲಿ, ಅಮಾವಾಸ್ಯೆಗೆ ಹನುಮಪ್ಪನ ಗುಡಿಯಲ್ಲಿ ಪದ. ತೆಳುವಾದ, ಎತ್ತರದ, ತುದಿಯಲ್ಲಿ ಸ್ವಲ್ಪ ಹೊಳಪಿರುವ ದನಿ ಅವಳದು. ಯಮನೂರ ಮೊಟ್ಟಮೊದಲು ಮೈಕು ಮುಟ್ಟಿದ್ದೇ ಆ ದನಿಗೆ ಅದನ್ನು ಹಿಡಿಯಲು. ಈ ಉದ್ಯೋಗಕ್ಕೆ ಬಿದ್ದದ್ದೂ ಆ ದನಿಯಿಂದಲೇ ಎಂದು ಅವನು ಯಾರಿಗೂ ಹೇಳಿರಲಿಲ್ಲ, ಅವಳಿಗಂತೂ ಹೇಳಿರಲೇ ಇಲ್ಲ.

ಅವಳ ಹಾಡು ಕಲಸಲು ಕೂತಾಗ ‘ಕುಂಯ್’ ಅವನ ಜೀವ ತಿಂದಿತು. ಗಂಡಸರ ದನಿಗೆ ಅಷ್ಟಾಗಿ ಕೆರಳದ ಸದ್ದು ಹುಲಿಗವ್ವ ದನಿ ಏರಿಸಿದ ಕಡೆಯಲ್ಲೆಲ್ಲ ತಾನೂ ಏರುತ್ತಿತ್ತು. ತಾಳದ ಜೋಡಿ ಕಿಣಿಕಿಣಿ ಅಂದ ಕಡೆಯಲ್ಲೂ ಏರುತ್ತಿತ್ತು. ಆ ಎತ್ತರದ ಭಾಗವನ್ನು ಕಂಪ್ಯೂಟರಿನಲ್ಲಿ ತಗ್ಗಿಸಿ ನೋಡಿದ. ಸದ್ದು ಕೊಂಚ ಸುಮ್ಮನಾಯಿತು. ಕಳ್ಳ ಇಲ್ಲೇ ಅಡಗಿದ್ದಾನೆ ಎಂದು ಪಕ್ಕಾ ಆಯಿತು. ಇನ್ನೂ ತಗ್ಗಿಸಿದ. ಇನ್ನೂ ಅಗಲವಾಗಿ ಕತ್ತರಿಸಿದ. ಪೂರ್ತಿ ಹೋಗಲಿಲ್ಲವೆಂದು ಕೆಳಗಿಳಿದು ಹೋಗಿ ಗುಂಡಿಗೆ ನೀರು ಸುರಿದು ಬಂದ. ಕೊನೆಗೆ ಸುಸ್ತಾಗಿ ಹೆಬ್ಬೆರಳೆತ್ತಿದ. “ಛಲೋ ಐತಿ.” ಅಂದಿನಿಂದ ಬಂದ ಪ್ರತಿಯೊಂದು ಹಾಡಿಗೂ ಅದೇ ಕತ್ತರಿ ಹಾಕುವುದು ರೂಢಿಯಾಯಿತು. ಗಂಡಸರ ದಪ್ಪ ದನಿಗೆ ಅದರಿಂದ ದೊಡ್ಡ ನಷ್ಟವಾಗಲಿಲ್ಲ. ಟ್ರ್ಯಾಕ್ಟರಿನವರಂತೂ ಎಷ್ಟು ಜೋರು ಹಚ್ಚಿದರೂ ಯಮನೂರನ ಹಾಡು ಕಿವಿಗೆ ಚುಚ್ಚುವುದಿಲ್ಲ ಎಂದು ಮೆಚ್ಚಿಕೊಂಡರು.

ಹುಲಿಗವ್ವ ತನ್ನ ಹಾಡು ಕೇಳಿದ್ದು ಅಣ್ಣನ ಮಗ ಪಕ್ಕೀರಪ್ಪನ ಟ್ರ್ಯಾಕ್ಟರಿನಲ್ಲಿ. ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಕೈಯಲ್ಲಿದ್ದ ಕುರ್ಚಿಗಿ ಕೆಳಗಿಟ್ಟು ಕೇಳಿದರು. ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇದು ನನ್ನ ದನಿ ಏನೋ? ಕಂಬಳಿ ಮುಸುಕು ಹಾಕ್ಕೊಂಡು ಹಾಡಿದಂಗ ಐತಿ” ಅಂದಳು ಹುಲಿಗವ್ವ.

“ಅತ್ತಿ, ಯಂತ್ರಕ್ಕೇನು ನಿನ್ನ ಮ್ಯಾಲ ಹಗೆ ಐತೇನು? ಇದ್ದದ್ದು ಇದ್ದಂಗ ಹೇಳತೈತಿ” ಅಂದ ಪಕ್ಕೀರಪ್ಪ. ಹುಡುಗ ಕೆಟ್ಟವನಲ್ಲ, ಯಂತ್ರದ ಭಕ್ತ ಅಷ್ಟೆ.

ಹುಲಿಗವ್ವ ಕುರ್ಚಿಗಿ ಎತ್ತಿಕೊಂಡು ತನ್ನ ಸಾಲಿಗೆ ತಿರುಗಿದಳು. ನಮ್ಮ ದನಿ ನಮಗೆ ಒಳಗಿನಿಂದ ಕೇಳಿಸುತ್ತದೆ, ಹೊರಗೆ ಅದು ಹೇಗಿದೆಯೋ ದೇವರೇ ಬಲ್ಲ. ಇಷ್ಟು ದಿನ ಜನ ಮುಲಾಜಿಗೆ ಸುಮ್ಮನಿದ್ದರೇನೋ ಅಂದುಕೊಂಡಳು. ಮುಂದಿನ ಅಮಾವಾಸ್ಯೆಗೆ ತಾಳವನ್ನು ಪಕ್ಕದ ಹನುಮಂತಮ್ಮನ ಕೈಗೆ ಕೊಟ್ಟು ಹಿಂದೆ ಕಂಬಕ್ಕೆ ಒರಗಿ ಕೂತಳು. ಹಾಗೆ ಕೂತವಳು ಮತ್ತೆ ಮುಂದೆ ಬರಲಿಲ್ಲ.

ಈ ಸುದ್ದಿ ಯಮನೂರನಿಗೆ ರೇಣುಕಮ್ಮನಿಂದ ತಿಳಿಯಿತು. “ವಯಸ್ಸಾತಲ್ಲ, ದನಿ ಕುಗ್ಗತೈತಿ. ನನ್ನ ರೆಕಾರ್ಡಿಂಗನ್ಯಾಗ ಆಗಲೇ ಗೊತ್ತಾಗಿತ್ತು” ಅಂದ. ಎಷ್ಟು ದೊಡ್ಡ ಮಾತು, ಎಷ್ಟು ಸಲೀಸಾಗಿ ಅಂದ!

ಈ ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಲೈನು ರಿಪೇರಿ, ಇಡೀ ಕುಕನೂರಿಗೇ ಇಲ್ಲ. ಇನ್ವರ್ಟರಿನ ಬ್ಯಾಟರಿ ಅವತ್ತೇ ಅಂಗಡಿಗೆ ಹೋಗಿತ್ತು. ಕೆಳಗೆ ಗಿರಣಿ ನಿಂತಿತು, ಫ್ಯಾನು ನಿಂತಿತು, ಕಂಪ್ಯೂಟರು ಕಪ್ಪಾಯಿತು. ಯಮನೂರ ಕುರ್ಚಿಗೆ ಒರಗಿ ಸಮಾಧಾನದ ಉಸಿರು ಬಿಡಲು ಹೋದ. ‘ಕುಂಯ್’.

ಅವನು ಎದ್ದು ಎಲ್ಲ ಸ್ವಿಚ್ಚು ಆರಿಸಿದ. ಇತ್ತು. ಫೋನು ಬಂದ್ ಮಾಡಿದ. ಇತ್ತು. ಕೆಳಗಿಳಿದು ಬಂದ. ಬೀದಿಯ ತಂತಿಗಳ ಮೇಲೆ ಅನುಮಾನ ಬಂದು ಊರು ದಾಟಿ ನಡೆದ. ಕಡಲೆ ಕಿತ್ತು ಖಾಲಿ ಬಿದ್ದ ಎರೆ ಹೊಲದ ನಡುವೆ ಹೋಗಿ ನಿಂತ. ಅಲ್ಲಿ ನೆತ್ತಿಯ ಮೇಲೆ ತಂತಿ ಇರಲಿಲ್ಲ, ಕಂಬ ಇರಲಿಲ್ಲ, ಕಾಗೆಯೂ ಇರಲಿಲ್ಲ. ಎರಡೂ ಕಿವಿಗೆ ಅಂಗೈ ಒತ್ತಿದ. ಸದ್ದು ಕಡಿಮೆಯಾಗುವ ಬದಲು ತಲೆಯ ತುಂಬ ನಿಂತಿತು. ಆಗ ಅವನಿಗೆ ತಿಳಿಯಿತು. ಹೊಲದ ನಡುವೆ ನಿಂತು, ಯಾರಿಗೆಂದು ಇಲ್ಲದೆ, ಬಾಯಿಗೆ ಬಂದದ್ದನ್ನೆಲ್ಲ ಬೈದ.

ಕೊಪ್ಪಳದ ಕಿವಿ ಡಾಕ್ಟರಮ್ಮ ಅವನನ್ನು ಒಂದು ಗೂಡಿನೊಳಗೆ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿರಿ ಅಂದರು. ಯಮನೂರ ಒತ್ತಿದ. ಮತ್ತೆ ಒತ್ತಿದ. ನರ್ಸು ಬಾಗಿಲು ತೆರೆದು “ಅಣ್ಣಾರ, ನಾವಿನ್ನೂ ಸದ್ದ ಬಿಟ್ಟಿಲ್ರಿ” ಅಂದಳು. ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಿದ್ದನ್ನು ಅವನು ನೋಡಿದ. ಅದು ಅವನಿಗೆ ಡಾಕ್ಟರಮ್ಮನ ಮಾತಿಗಿಂತ ಹೆಚ್ಚು ನಾಟಿತು. ಡಾಕ್ಟರಮ್ಮ ಹೇಳಿದ್ದು ಇಷ್ಟು: ಡಿಜೆ ಸದ್ದಿಗೆ ಕಿವಿಯೊಳಗಿನ ಎಳೆಗಳು ಸತ್ತಿವೆ, ಸತ್ತದ್ದು ಹುಟ್ಟುವುದಿಲ್ಲ, ಎತ್ತರದ ಸದ್ದುಗಳು ನಿಮಗೆ ಕೇಳುವುದಿಲ್ಲ, ಈ ಕುಂಯ್ ನಿಮ್ಮೊಳಗಿನದು, ಎತ್ತರದ ಸದ್ದು ತಾಗಿದರೆ ಇನ್ನೂ ಕೆರಳುತ್ತದೆ, ಅದರ ಜೊತೆ ಬದುಕುವುದು ಕಲಿಯಿರಿ. ಇದನ್ನೆಲ್ಲ ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ ಎರಡೆರಡು ಸಲ ಕೇಳಬೇಕಾಯಿತು. ಕಿವುಡರ ಡಾಕ್ಟರಾಗಿ ಇಷ್ಟು ಮೆಲ್ಲಗೆ ಮಾತಾಡುವುದು ಯಾವ ನ್ಯಾಯವೋ!

“ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ” ಅಂದಳು ರೇಣುಕಮ್ಮ. “ನೀವು ನೆಲ ಅಗದು, ಉಪ್ಪ ಹಾಕಿ, ನೀರೂ ಹಾಕಿದ್ರಿ.” ಅಂದಮೇಲೆ ಅವಳಿಗೇ ಕೆಟ್ಟೆನಿಸಿ, ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

ಕಿವಿಯ ಮಷೀನು ಬಂತು. ಅದನ್ನು ಹಾಕಿಕೊಂಡರೆ ರೇಣುಕಮ್ಮನ ಮಾತು ಕೇಳಿಸುತ್ತಿತ್ತು, ಅಷ್ಟರ ಮಟ್ಟಿಗೆ ಒಳ್ಳೆಯದೋ ಕೆಟ್ಟದ್ದೋ. ಆದರೆ ಹಾಡಿಗೆ ಕೂತರೆ ಪೇಟಿ ತಗಡಿನ ಡಬ್ಬಿಯಾಗುತ್ತಿತ್ತು, ತಬಲಾ ಬಾಗಿಲು ಬಡಿದಂತಾಗುತ್ತಿತ್ತು. ತೆಗೆದರೆ ಎಲ್ಲವೂ ಗೋಡೆಯಾಚೆ. ಹಾಕಿಕೊಂಡು ಕಲಸಿದ್ದನ್ನು ತೆಗೆದು ಕೇಳಿದರೆ ಹೊಲಸು, ತೆಗೆದು ಕಲಸಿದ್ದನ್ನು ಹಾಕಿಕೊಂಡು ಕೇಳಿದರೆ ಇನ್ನೂ ಹೊಲಸು. ಒಂದು ದಿನ ಮಷೀನನ್ನು ಎತ್ತಿ ಜೋಳದ ಡಬ್ಬಿಯೊಳಗೆ ಎಸೆದ. ರೇಣುಕಮ್ಮ ಜೋಳ ಹಸನು ಮಾಡುವಾಗ ಕಲ್ಲಿನ ಜೊತೆ ಅದನ್ನೂ ಆರಿಸಿ ತೆಗೆದು ಮುಂದಿಟ್ಟಳು.

ಕಿವಿ ಕೈಕೊಟ್ಟ ಮೇಲೆ ಅವನು ಕಣ್ಣಿನಿಂದ ಕೆಲಸ ಮಾಡತೊಡಗಿದ. ಕಂಪ್ಯೂಟರಿನ ಪರದೆಯ ಮೇಲೆ ಹಾಡು ಗೆರೆಯಾಗಿ ಕಾಣುತ್ತದೆ, ದಪ್ಪ ಸದ್ದು ಎಡಕ್ಕೆ, ತೆಳು ಸದ್ದು ಬಲಕ್ಕೆ. ಈ ಮೂರು ವರ್ಷದ ಹಾಡುಗಳನ್ನು ಒಂದೊಂದಾಗಿ ತೆರೆದ. ಪ್ರತಿಯೊಂದು ಹಾಡಿನ ಬಲಗಡೆ ಒಂದೇ ಜಾಗದಲ್ಲಿ ಒಂದು ಗುಂಡಿ. ಯಾರೋ ಸಲಿಕೆ ಹಾಕಿ ಮಣ್ಣು ಎತ್ತಿದ ಹಾಗೆ. ಎಲ್ಲಕ್ಕಿಂತ ಆಳದ ಗುಂಡಿ ಹುಲಿಗವ್ವನ ಹಾಡಿನಲ್ಲಿತ್ತು. ಕರೆಂಟಿನ ಸದ್ದೆಂದು ಅವನು ಅಂದು ಕತ್ತರಿಸಿ ಎಸೆದದ್ದು ಅವಳ ದನಿಯ ಹೊಳಪನ್ನು.

ಕತ್ತರಿ ತೆಗೆದು ಹಾಡನ್ನು ಮೊದಲಿನಂತೆ ಮಾಡಿದ. ರೇಣುಕಮ್ಮನನ್ನೂ ಮೆಹಬೂಬಬೀಯನ್ನೂ ಮೇಲೆ ಕರೆದು ಮೊದಲು ಹಳೆಯದು, ಆಮೇಲೆ ಇದು, ಹಚ್ಚಿದ.

ಮೆಹಬೂಬಬೀ ಹಿಟ್ಟಿನ ಕೈಯನ್ನು ಎದೆಗಿಟ್ಟುಕೊಂಡಳು. “ಯಾ ಅಲ್ಲಾ, ಇದು ಹುಲಿಗವ್ವ! ಹಂಗಾದ್ರ ಮೊದಲ ಹಾಡಿದಾಕಿ ಯಾರು?”

ರೇಣುಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಮನೂರ ಇಬ್ಬರ ಮುಖವನ್ನೂ ನೋಡಿದ. ಅವನಿಗೆ ಎರಡೂ ಒಂದೇ ಥರ ಕೇಳಿಸಿದ್ದವು. ಕುಂಯ್ ಮಾತ್ರ ಎರಡನೆಯದರಲ್ಲಿ ಸ್ವಲ್ಪ ಜಾಸ್ತಿ. ಅವತ್ತು ಅವನಿಗೆ ಆದ ಹೊಟ್ಟೆಯುರಿ ವೈರಿಗೂ ಬೇಡ. ಅವನನ್ನು ಈ ಕೆಲಸಕ್ಕೆ ಎಳೆದು ತಂದ ದನಿ ಅಲ್ಲೇ, ಈ ಇಬ್ಬರು ಹೆಂಗಸರ ಕಿವಿಯಲ್ಲಿ ಬಂದು ಕೂತಿತ್ತು. ಅವನ ಕಿವಿಗೆ ಬರಲು ಒಲ್ಲೆ ಅಂದಿತ್ತು.

ಮರುದಿನವೇ ಬೈಕು ಹತ್ತಿ ಮಂಗಳೂರಿಗೆ ಹೋದ. ಹುಲಿಗವ್ವ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಇದು ಗುಟ್ಟಿನ ಮಾತು, ಊರಿಗೆ ತಿಳಿದರೆ ತನ್ನ ಕೆಲಸ ಹೋಯಿತು ಎಂಬ ಎಚ್ಚರ ಅವನಿಗೆ ಚೆನ್ನಾಗಿತ್ತು. ಅದಕ್ಕೇ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಮಾತಿನಲ್ಲಿ ಹೇಳಿದ. ಅವನ ಲೆಕ್ಕದಲ್ಲಿ ಅದು ಪಿಸುಮಾತು. ಕೇಳದವರಿಗೆ ತಮ್ಮ ದನಿಯ ಅಳತೆ ಎಲ್ಲಿ ಸಿಗಬೇಕು?

“ಹುಲಿಗೆಕ್ಕಾ, ನಿನ್ನ ದನಿ ಹೋಗಿರಲಿಲ್ಲಬೇ! ನನ್ನ ಕಿವಿ ಹೋಗಿದ್ದು! ನಾ ಕಿವುಡದೀನಿ!”

ಎದುರು ಮನೆಯ ಕದ ತೆರೆಯಿತು. ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸರು ತಿರುಗಿದರು. ಪಕ್ಕೀರಪ್ಪ ಟ್ರ್ಯಾಕ್ಟರು ಆರಿಸಿ ಇಳಿದು ಬಂದ.

“ಮೆಲ್ಲಕ, ಮೆಲ್ಲಕ” ಎಂದು ಹುಲಿಗವ್ವ ಕೈ ಮಾಡಿದಳು. ಅವಳು ಎದ್ದು ಹೋಗು ಅನ್ನುತ್ತಿದ್ದಾಳೆ ಅಂದುಕೊಂಡ ಯಮನೂರನಿಗೆ ಸಿಟ್ಟು ಬಂತು. ತಪ್ಪು ತನ್ನದು ಎಂದು ಹೇಳಲು ಬಂದವನು ಜಗಳಕ್ಕೇ ನಿಂತ. “ಯಂತ್ರದ ಮಾತು ಯಾಕ ನಂಬಿದಿ? ಹಾಡಾಕಿ ನೀನು! ನನ್ನ ಮಾರಿಗೆ ಬಂದು ಉಗಳಬೇಕಿಲ್ಲೇನು, ಇದು ನನ್ನ ದನಿ ಅಲ್ಲಲೇ ಅಂತ? ಸುಮ್ಮನ ಕಂಬಕ್ಕ ಒರಗಿದೆಲ್ಲ!” ಎಂದು ಕೂಗುತ್ತ ಫೋನು ತೆಗೆದು ಕತ್ತರಿ ಬಿಡಿಸಿದ ಹಾಡು ಹಚ್ಚಿದ.

ಹುಲಿಗವ್ವನ ಕೈಯಲ್ಲಿದ್ದ ಹುಣಸೆ ಹಾಗೇ ಉಳಿಯಿತು. ಹಾಡು ಮುಗಿಯುವ ತನಕ ಅವಳು ಫೋನನ್ನೇ ನೋಡಿದಳು, ಅದರೊಳಗೆ ಯಾರೋ ಕೂತಿದ್ದಾರೆ ಎಂಬಂತೆ. ಮುಗಿದ ಮೇಲೆ ಯಮನೂರನ ಮಷೀನಿದ್ದ ಕಿವಿಯ ಹತ್ತಿರ ಬಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ಇಷ್ಟು ಛಲೋ ಇತ್ತೇನೋ ನನ್ನ ದನಿ? ಇದನ್ನ ಮೂರು ವರ್ಷ ನಿನ್ನ ಹಂತ್ಯಾಕ ಇಟ್ಕೊಂಡು ಕುಂತಿದ್ಯಾ? ಈಗ ತಂದಿ. ಈಗ ಕೇಳು.”

ಅವಳು ಅದೇ ಪದದ ಎತ್ತರದ ಸಾಲನ್ನು ಹಾಡಿದಳು. ಯಮನೂರನಿಗೆ ಅರ್ಧ ಕೇಳಿಸಿತು, ಅರ್ಧ ಓಣಿಯ ಮುಖಗಳಲ್ಲಿ ಕಾಣಿಸಿತು. ದನಿ ಮೇಲೇರುವಾಗ ನಡುವೆ ಒಡೆಯಿತು. ಮತ್ತೆ ಎತ್ತಿದಳು, ಮತ್ತೆ ಒಡೆಯಿತು. ಹಾಡದೆ ಬಿಟ್ಟ ಗಂಟಲು, ಮೂರು ವರ್ಷ ಬೀಳು ಬಿದ್ದ ಹೊಲ. ಯಂತ್ರ ಅಂದು ಸುಳ್ಳು ಹೇಳಿತ್ತು. ಅವಳು ನಂಬಿ ನಂಬಿ ಅದನ್ನು ನಿಜ ಮಾಡಿದ್ದಳು.

“ಕೇಳ್ತೇನು?” ಅಂದಳು.

“ಕೇಳ್ತು” ಅಂದ ಯಮನೂರ. ಕುಕ್ಕರುಗಾಲಲ್ಲಿದ್ದವನು ಮಣ್ಣಿನ ಮೇಲೆ ಪೂರ್ತಿ ಕೂತುಬಿಟ್ಟ. ಸಾಯಲಿ ಈ ಕಿವಿ, ಸಾಯಲಿ ಈ ಯಂತ್ರ ಎಂದು ಅವನು, ತನ್ನ ಲೆಕ್ಕದಲ್ಲಿ, ಮನಸ್ಸಿನಲ್ಲೇ ಅಂದುಕೊಂಡ; ಓಣಿಗೆಲ್ಲ ಕೇಳಿಸಿತು.

ಗುಟ್ಟು ಅವನಿಗಿಂತ ಮೊದಲೇ ಕುಕನೂರು ಮುಟ್ಟಿತ್ತು. ಆ ವಾರ ಬರಬೇಕಿದ್ದ ಜಾನಪದದ ಹುಡುಗರು ಕೊಪ್ಪಳದ ಸ್ಟುಡಿಯೋಕ್ಕೆ ಹೋದರು. ಮೊಹರಂ ಪದದವರು ಫೋನೆತ್ತಲಿಲ್ಲ. ಯಮನೂರ ದಿನವಿಡೀ ಕುಂಯ್ ಜೊತೆ ಒಬ್ಬನೇ ಕೂತ. ಒಂದು ದಿನ ಅಭ್ಯಾಸಬಲದಿಂದ ಕೊಡ ಹಿಡಿದು ಗುಂಡಿಯ ತನಕ ಹೋಗಿ, ನೆನಪಾಗಿ, ಸಿಟ್ಟಿನಿಂದ ಕೊಡವನ್ನು ಅಲ್ಲೇ ಕುಕ್ಕಿ ಬಂದ.

ಹಾಗಿರುವಾಗ ಒಂದು ಬೆಳಗ್ಗೆ ಕೆಳಗೆ ಟ್ರ್ಯಾಕ್ಟರು ನಿಂತಿತು. ಪಕ್ಕೀರಪ್ಪ ಟ್ರ್ಯಾಲಿಯಲ್ಲಿ ಭಜನೆಯ ಹೆಂಗಸರನ್ನೆಲ್ಲ ತುಂಬಿಕೊಂಡು ಬಂದಿದ್ದ. ಮುಂದೆ ಹುಲಿಗವ್ವ, ಕೈಯಲ್ಲಿ ತಾಳ.

“ಹಾಡ್ತೀನಿ. ಹಚ್ಚು” ಅಂದಳು.

“ನನಗ ಕೇಳಂಗಿಲ್ಲಬೇ. ಕೊಪ್ಪಳಕ್ಕ ಹೋಗು.”

“ನಿನಗ ಕೇಳಲಿ ಅಂತ ಬಂದಿಲ್ಲ. ಕೆಡಿಸಿದಾಂವ ನೀನು, ನಿನ್ನ ಮುಂದ ಹಾಡ್ತೀನಿ. ಹಚ್ಚಂದ್ರ ಹಚ್ಚು.”

ಹಚ್ಚಿದ. ಗಾಜಿನಾಚೆ ಹುಲಿಗವ್ವ ಬಾಯಿ ತೆರೆದಳು. ಅವಳ ಕುತ್ತಿಗೆಯ ನರ ಬಿಗಿಯುವುದು ಕಂಡಿತು, ಎತ್ತರದ ಸಾಲಿನಲ್ಲಿ ಹನುಮಂತಮ್ಮ ಕಣ್ಣು ಮುಚ್ಚಿದ್ದು ಕಂಡಿತು, ಪರದೆಯ ಮೇಲೆ ಗೆರೆ ಏರಿ ಅಲ್ಲಲ್ಲಿ ತುಂಡಾಗಿ ಹರಿಯುವುದು ಕಂಡಿತು. ಕುಂಯ್ ತಲೆಯೊಳಗೆ ಹುಚ್ಚೆದ್ದಿತ್ತು. ಯಮನೂರನ ಬಲಗೈ ತಾನಾಗಿ ಆ ಹಳೆಯ ಜಾಗಕ್ಕೆ ಹೋಯಿತು. ತಗ್ಗಿಸಿದರೆ ಸಾಕು, ಸುಮ್ಮನಾಗುತ್ತದೆ. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು, ಅವುಗಳ ಮೇಲೆ ಕೂತ.

ಹಾಡು ಮುಗಿಯಿತು. ಎಲ್ಲರೂ ಗಾಜಿನತ್ತ ತಿರುಗಿದರು.

“ಹೆಂಗೈತೋ ಯಮನೂರ?”

ತೊಡೆಯ ಕೆಳಗಿಂದ ಹೊರಬಂದ ಕೈಯ ಹೆಬ್ಬೆರಳು ಅರ್ಧ ಎದ್ದಿತ್ತು. ಅವನು ಅದನ್ನು ಮುಷ್ಟಿಯೊಳಗೆ ಮಡಚಿಕೊಂಡ. ಇಷ್ಟು ವರ್ಷದಲ್ಲಿ ಆ ಕುರ್ಚಿಯಿಂದ ಒಮ್ಮೆಯೂ ಬಾರದ ಮಾತು ಆಗ ಬಂತು.

“ಗೊತ್ತಿಲ್ಲಬೇ. ನನಗ ಗೊತ್ತಾಗೂದಿಲ್ಲ. ನೀನ ಬಂದು ಕೇಳು.”

ಹುಲಿಗವ್ವ ಒಳಗೆ ಬಂದು ಅವನ ಕುರ್ಚಿಯಲ್ಲಿ ಕೂತಳು. ಸೆರಗಿನ ಮೇಲೆಯೇ ಹೆಡ್‌ಫೋನು ಹಾಕಿಕೊಂಡು ಮೊದಲಿಂದ ಕಡೆಯ ತನಕ ಕೇಳಿದಳು. ಯಮನೂರ ಪಕ್ಕದಲ್ಲಿ ನಿಂತು, ಹಾಡುಗಾರರು ತನ್ನ ಮುಖ ನೋಡುತ್ತಿದ್ದಂತೆಯೇ, ಅವಳ ಮುಖ ನೋಡುತ್ತಿದ್ದ.

“ಹರದೈತಿ” ಅಂದಳು ಹುಲಿಗವ್ವ, ಅವನ ಕಿವಿಯ ಹತ್ತಿರ, ಗಟ್ಟಿಯಾಗಿ. “ಆದ್ರ ನಂದ ಐತಿ.” ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ತಾಳ ಹುಡುಕಿಕೊಂಡು ಎದ್ದಳು. “ಇನ್ನೊಮ್ಮಿ.”

ಯಮನೂರ ಮರುಮಾತಿಲ್ಲದೆ ರೆಕಾರ್ಡಿಂಗಿನ ಗುಂಡಿ ಒತ್ತಿದ.